ಬೆಂಕಿ ಉಂಟಾ?

ಸ್ಟೇಟ್‌ಬ್ಯಾಂಕಿನಲ್ಲಿ ನಮ್ಮ ಬಸ್ಸು ನಿಲ್ಲುವುದು ನಾಲ್ಕು ನಿಮಿಷ.
ಕಾಗದದ ಮೇಲೆ ಏಳು.
ಮೂರನ್ನು ಪಂಪ್‌ವೆಲ್ಲಿನ ಸರ್ಕಲು ತಿಂದು ಬಾಯಿ ಒರೆಸಿಕೊಂಡಿರುತ್ತದೆ.

ಒಂದು ಸಿಗರೇಟಿಗೆ ಐದು ಬೇಕು.
ಅರ್ಧಕ್ಕೆ ಆರಿಸಿ ಕಿವಿಗೆ ಸಿಕ್ಕಿಸಿದ್ದನ್ನು
ಮತ್ತೆ ಹಚ್ಚಿದರೆ ಬರುವುದು ಬೂದಿಯ ಹಳಸಲು,
ನಿನ್ನೆಯ ಗಂಜಿಯಾದರೂ ಇದಕ್ಕಿಂತ ರುಚಿ.

ಹಾಗೆ ತೆಗೊಂಡದ್ದು ಮಾರಾಯ್ರೆ, ಈ ಕಡ್ಡಿ.
ಹಂಪನಕಟ್ಟೆಯಲ್ಲಿ, ಮೊಬೈಲ್ ಕವರಿನಂಗಡಿ,
ಗಾಜಿನೊಳಗಿಂದಲ್ಲ, ಕುರ್ಚಿಯಡಿಯ ರಟ್ಟಿನ ಡಬ್ಬಿಯಿಂದ.
ಸಾವಿರದ ಎಂಟುನೂರು. ರಶೀದಿ ಕೇಳಿದ್ದಕ್ಕೆ ನಕ್ಕ.
‘ಬಿಡಲಿಕ್ಕೆ ಒಳ್ಳೇದು’ ಅಂದ.
ಬಿಡುವುದೆಂದರೆ ಹೊಗೆಯನ್ನೋ ಚಟವನ್ನೋ
ಕೇಳಲಿಲ್ಲ ನಾನು, ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಎರಡು ದಮ್ಮು, ಜೇಬಿಗೆ.
ಬೂದಿ ಇಲ್ಲ, ತುಂಡು ಇಲ್ಲ, ಮೆಟ್ಟಿ ಆರಿಸುವ ಕೆಲಸವಿಲ್ಲ.
ಖಾಲಿ ಟ್ರಿಪ್ಪಿನ ಹಿಂದಿನ ಸೀಟಿನಲ್ಲಿ
ಜ್ಯೋತಿಯ ಸಿಗ್ನಲಿಗೆ ಒಂದು,
ಬೆಂದೂರ್‌ವೆಲ್ಲಿನ ತಿರುವಿಗೆ ಒಂದು,
ಕಂಕನಾಡಿಯಲ್ಲಿ ಬಾಗಿಲು ಬಡಿಯುವ ಮೊದಲು ಇನ್ನೊಂದು.
ಗಂಟಲಿಗೆ ತಾಗುವುದಿಲ್ಲ.
ನಿದ್ದೆಯಲ್ಲಿ ಯಾರೋ ಹೆಗಲು ಮುಟ್ಟಿ ಹೋದ ಹಾಗೆ.
ತಾಗಲಿಲ್ಲವಲ್ಲ ಎಂದು ಮತ್ತೆ.

‘ಅದೂ ಇದೂ ಎರಡೂ ಯಾಕನಾ ನಿನಗೆ?’
ಡ್ರೈವರ್ ವಾಮನಣ್ಣ ಕೇಳಿದ್ದು,
‘ಚಡ್ಡಿಗೆ ಲಾಡಿಯೂ ಬೆಲ್ಟೂ ಹಾಕಿದ ಹಾಗೆ?’
ಕಡಿಮೆ ಮಾಡುತ್ತಿದ್ದೇನೆ ಎಂದೆ. ಸುಳ್ಳಲ್ಲ.
ಹತ್ತು ಇದ್ದದ್ದು ಏಳಕ್ಕೆ ಇಳಿದಿತ್ತು.
ಆದರೆ ರಾತ್ರಿ ಬ್ಯಾಗು ಸುರಿದು ಎಣಿಸುವವನಿಗೆ ಗೊತ್ತು,
ಹರಿದ ಟಿಕೆಟಿಗೂ ಕೈಲಿರುವ ಚಿಲ್ಲರೆಗೂ ತಾಳೆಯಾಗದ ದಿನ
ತಪ್ಪು ಎಲ್ಲೋ ನಡುವಿನ ಸ್ಟಾಪಿನಲ್ಲಿ ಹತ್ತಿರುತ್ತದೆ,
ಟಿಕೆಟ್ ಮಾಡದೆ.

ಕೊನೆಯ ಟ್ರಿಪ್ ಮುಗಿದು ಹತ್ತೂಕಾಲಿಗೆ
ಗೂಡಂಗಡಿಯ ಅರ್ಧ ಎಳೆದ ಹಲಗೆಯ ಕೆಳಗೆ ನಾವು ನಾಲ್ವರು:
ವಾಮನಣ್ಣ, ಟೈಮ್‌ಕೀಪರ್ ಅದ್ರಾಮ,
ಬಂದರಿನಿಂದ ಐಸು ಹೊತ್ತು ಬಂದ ಇಗ್ನೇಶಿಯಸ್, ನಾನು.
ತೂ ಉಂಡಾ? ಎಂದು ಒಬ್ಬ,
ಉಜೊ ಆಸಾ? ಎಂದು ಇನ್ನೊಬ್ಬ,
ಕೇಳುವುದು ಒಂದನ್ನೇ.
ಕಡಲ ಕಡೆಯ ಗಾಳಿಗೆ ಎರಡು ಅಂಗೈ ಬೊಗಸೆ ಮಾಡಿ
ಒಂದೇ ಕಡ್ಡಿಯಲ್ಲಿ ಮೂವರು ಬಾಗುತ್ತೇವೆ.
ಇಗ್ನೇಶಿಯಸನ ಬೆರಳು ಐಸಿನಷ್ಟೇ ತಣ್ಣಗೆ,
ಆ ಒಂದು ಕ್ಷಣ ಅವನ ಮುಖ ಕೆಂಪಗೆ.
ಅವನ ಹೆಂಡತಿ ಆಸ್ಪತ್ರೆ ಸೇರಿದ್ದು,
ಅದ್ರಾಮನಿಗೆ ಕೆಲಸ ಹೋಗಲಿಕ್ಕಿರುವುದು,
ಎಲ್ಲ ಗೊತ್ತಾದದ್ದು ಇಲ್ಲೇ, ಈ ಐದು ನಿಮಿಷದಲ್ಲಿ.

ಕಿಸೆಯ ಕಡ್ಡಿಗೆ ಯಾರೂ ಬೆಂಕಿ ಕೇಳುವುದಿಲ್ಲ.
ಕೇಳಿದರೂ ಕೊಡುವುದೇನು, ಚಾರ್ಜೇ?

ಇಷ್ಟು ಹೇಳಿದ ಮೇಲೆ ಒಂದು ಹೇಳದಿದ್ದರೆ ತಪ್ಪಾಗುತ್ತದೆ.
ಆಟಿಯ ಒಂದು ರಾತ್ರಿ, ಮಳೆ ಜಡಿಯುತ್ತಿತ್ತು,
ಅಂಗಿ ಹಿಂಡಿ ಒಣಗಿಸಲು ತೆಗೆದುಕೊಂಡ ಮಗಳು
ಮೂಗು ಹತ್ತಿರ ಹಿಡಿದು ನಿಂತಳು.
‘ಪಪ್ಪಾ, ಮಾವಿನಹಣ್ಣು ತಂದದ್ದಾ?
ಈಗ ಎಲ್ಲಿ ಸಿಕ್ಕಿತು? ನನಗೆ?’
ಹಂಸಿಕಾ, ಎರಡನೇ ಕ್ಲಾಸು.
ಚೀಲದೊಳಗೆ ಕೈ ಹಾಕಿ ಹುಡುಕಿದಳು ಕೂಡ,
ಟಿಕೆಟ್ ರೋಲು, ಕೊಡೆ, ತುಕ್ಕಿನ ಸೀಟಿ.

ಸಿಗರೇಟಿನ ವಾಸನೆ ಅವಳಿಗೆ ಹುಟ್ಟಿದಂದಿನಿಂದ ಗೊತ್ತು.
ಅದು ಅಪ್ಪ ಬಂದ ಎಂಬುದರ ವಾಸನೆ,
ಬೈಯುತ್ತಾಳೆ, ಹುಡುಕುವುದಿಲ್ಲ.

ಮಾರನೆಯ ರಾತ್ರಿ ಗೇಟಿನ ಹೊರಗೆ, ಹಲಸಿನ ಮರದ ಅಡಿ ನಿಂತೆ.
ಕಡ್ಡಿಯದ್ದು ಹೋಗಲಿ ಎಂದು ಸಿಗರೇಟು ಬಾಯಿಗಿಟ್ಟೆ.
ಪೆಟ್ಟಿಗೆ ನೆನೆದಿತ್ತು. ಒಂದು ಗೀರಿದೆ, ಎರಡು,
ಮದ್ದು ಜಾರಿ ಬೆರಳಿಗಂಟಿತು.
ಒಳಗೆ ಅವಳು ಮಗ್ಗಿ ಹೇಳುತ್ತಿದ್ದಳು,
ಏಳೇಳಲ ನಲವತ್ತೊಂಬತ್ತು, ಏಳೆಂಟಲ,
ಅಲ್ಲಿ ನಿಂತಳು.
ನಾನೂ.