ತೇಪೆಗಳ ಲೆಕ್ಕ

ಸೈಕಲ್ಲಿಗೆ ಪಂಕ್ಚರ್ ಹಾಕುವವನಿಗೆ
ಮನೆ ಕಟ್ಟುವಲ್ಲಿ ಏನು ಕೆಲಸ?
ರುಫಿಸ್ಕಿನ ಸಂತೆಯಲ್ಲಿ ಹಾಗೆಂದು ನಕ್ಕಿದ್ದರಂತೆ ಜನ,
ಅಪ್ಪ ಬಿರಾನ್ ತ್ಯಾವ್ ತನ್ನ ಅಂಟಿನ ಡಬ್ಬಿ, ಅರ, ಕತ್ತರಿ
ಚೀಲಕ್ಕೆ ತುಂಬಿ ಫ್ರೆಂಚರ ಲಾರಿ ಹತ್ತಿದ ದಿನ.

ಮರಳ ಮೇಲೆ ಮಲಗಿತ್ತು ರಬ್ಬರು,
ದಡಕ್ಕೆ ಬಿದ್ದ ತಿಮಿಂಗಿಲದ ತೊಗಲು.
ಕೊಳವೆ ಸಿಕ್ಕಿಸಿದರು. ಮೋಟಾರು ಕೆಮ್ಮಿತು.
ಮೊದಲು ಒಂದಂಚು ಮಿಸುಕಿತು,
ಆಮೇಲೆ ನಡು, ಆಮೇಲೆ
ಕಾದೆಣ್ಣೆಗೆ ಬಿಟ್ಟ ಹಿಟ್ಟಿನಂತೆ
ಉಬ್ಬಿ ನಿಂತಿತು, ಆನೆಗಿಂತ ಎತ್ತರ.
ಗಾಳಿಗೋಪುರ ಅನ್ನುತ್ತಾರಲ್ಲ, ಅದನ್ನು
ಮುಟ್ಟಿ ನೋಡಿದ್ದೇನೆ ಮಗಳೇ, ಅನ್ನುತ್ತಿದ್ದ ಅಪ್ಪ,
ಬೆಚ್ಚಗಿರುತ್ತದೆ.

ಅದಕ್ಕೆ ತಂತಿಬಲೆ ಹೊದಿಸಿ
ಬಲೆಯ ಮೇಲೆ ಸಿಮೆಂಟು ಚಿಮ್ಮಿಸುವುದು.
ಒಂದು ಹಗಲು ಎರಡು ರಾತ್ರಿ ಗಾಳಿ ಇಳಿಯಬಾರದು,
ಇಳಿದರೆ ಮನೆಗೆ ಮನೆಯೇ ಮುಖ ಗಂಟಿಕ್ಕುತ್ತದೆ.
ಅಪ್ಪನದು ಕಿವಿಯ ಕೆಲಸ.
ಲಾಟೀನು ಹಿಡಿದು ಬುಡದ ಸುತ್ತ ತೆವಳುತ್ತ
ಎಲ್ಲಿ ಸುಂಯ್ ಅಂದಿತೋ ಅಲ್ಲಿ ಸೋಪಿನ ನೊರೆ,
ಎಲ್ಲಿ ಗುಳ್ಳೆ ಎದ್ದಿತೋ ಅಲ್ಲಿ ಹೆಬ್ಬೆರಳು.
ಗಟ್ಟಿಯಾದ ಮೇಲೆ ಗಾಳಿ ಬಿಟ್ಟು
ಬಾಗಿಲ ಕಂಡಿಯಿಂದ
ಕರು ಎಳೆದ ಹಾಗೆ ರಬ್ಬರನ್ನು ಎಳೆಯುತ್ತಿದ್ದರು.
ತಂತಿ ಗೀರಿದಲ್ಲೆಲ್ಲ ತೇಪೆ.
ಮತ್ತೆ ಮುಂದಿನ ಮನೆ.

ಒಂದೇ ರಬ್ಬರು, ಇಪ್ಪತ್ತೆರಡು ಮನೆ.

ಫ್ರೆಂಚರು ಹೋದರು. ಮನೆಗಳಿಗೆ ಜನ ಬಂದರು.
ಕಸ್ಟಮ್ಸ್ ಕಚೇರಿಯ ಲಾತ್ಸುಕ್ ಫಾಯ್
ತಮ್ಮದೇ ಮೊದಲ ಮನೆಯೆಂದು
ಬಾಗಿಲಿಗೆ ಹಿತ್ತಾಳೆಯ ಫಲಕ ಹೊಡೆಸಿದರು.
ಹರಸಲು ಕರೆದಾಗ ಅಪ್ಪ ಚಾಪೆ ಕೇಳಿದ,
ನಟ್ಟನಡುವೆ ಅಂಗಾತ ಮಲಗಿದ.
ಚಾವಣಿಯಲ್ಲಿ ಅಚ್ಚಾಗಿದ್ದವು,
ಅಂಗೈಯಗಲ, ದುಂಡನೆಯವು, ಒಂದು ಚೌಕ.
ಮೂರು, ಅಂದ. ಮತ್ತೆ ಎಣಿಸಿದ. ಮೂರು.
ಮೂರು ಪಂಕ್ಚರ್ ಆದ ಮೇಲೆ ಹುಟ್ಟಿದ ಕೂಸು
ಚೊಚ್ಚಲು ಹೇಗಾದೀತು ಸ್ವಾಮಿ?
ಚಹಾ ಬರಲಿಲ್ಲ ಅವತ್ತು.

ನಮ್ಮದು ಹತ್ತೊಂಬತ್ತು ತೇಪೆಯ ಮನೆ. ಕೊನೆಯದು.
ಪಡುವಣ ಪಕ್ಕ ಒಳಕ್ಕೆ ಕುಸಿದು
ಕೆನ್ನೆಗೆ ಯಾರೋ ಗುದ್ದಿದ ಹಾಗಿದೆ.
ಮೋಟಾರಿನ ಎಣ್ಣೆ ತೀರಿತ್ತೋ,
ಅಪ್ಪನಿಗೆ ಜೋಂಪು ಹತ್ತಿತ್ತೋ,
ಕೇಳಿದರೆ ಕಡಲೆಕಾಯಿ ಸುಲಿಯುತ್ತ ಕೂರುತ್ತಿದ್ದ.
ಯಾರಿಗೂ ಬೇಡವಾಗಿ ಅಗ್ಗಕ್ಕೆ ಸಿಕ್ಕಿತು,
ಅಷ್ಟು ಮಾತ್ರ ಗೊತ್ತು.

ಅಮ್ಮ ಯಾಂದೆಯ ಗೋಳು ಬೇರೆ:
ಮೂಲೆಯೇ ಇಲ್ಲದ ಮನೆಯಲ್ಲಿ ಪೊರಕೆ ಎಲ್ಲಿಡಲಿ?
ಪೆಟ್ಟಿಗೆಯ ಹಿಂದೆ ಸಂದು, ಸಂದಿನಲ್ಲಿ ಮರಳು, ಹಲ್ಲಿ.
ಈ ಗೋಡೆಗೆ ಪಿಸುಗುಟ್ಟಿದ್ದು ಆ ಗೋಡೆ ಒದರುತ್ತಿತ್ತು,
ಹೀಗಾಗಿ ಜಗಳವೆಲ್ಲ ಅಂಗಳದಲ್ಲಿ.
ಹಬ್ಬಕ್ಕೆ ತಂದ ಟಗರು ಒಳಗೆ ನುಗ್ಗಿ ಅರಚಿದಾಗ
ಹತ್ತು ಟಗರು ಉತ್ತರ ಕೊಟ್ಟವು,
ಪಾಪ, ಹೆದರಿ ಅಲ್ಲೇ ಕುಂತಿತು.
ಆದರೂ ನಮ್ಮಜ್ಜಿ, ಎಂಬತ್ತು ದಾಟಿದವಳು,
ಮೂಲೆಗುಂಪಾಗಲಿಲ್ಲ ಕೊನೆತನಕ.
ಎಲ್ಲಿ ಕೂತರೂ ಅದೇ ನಡುಮನೆ.

ಆ ರಬ್ಬರನ್ನು ಏನು ಮಾಡಿದರು ಅಂತೀರೋ?
ತೇಪೆಗೆ ತೇಪೆ ಹಿಡಿಯದಾದಾಗ ಕತ್ತರಿಸಿ ಹಂಚಿಕೊಂಡರು.
ಬಾವಿಗೆ ಬಿಡುವ ಚೀಲ, ಕತ್ತೆಯ ಜೀನು,
ಬೆಸ್ತರ ದೋಣಿಯ ಅಡಿಗೆ ಒಂದಿಷ್ಟು.
ಇಡೀ ಕೇರಿಗೆ ಚಪ್ಪಲಿಯಾಯಿತು.
ನೀರು ತರುವಾಗ, ನಮಾಜಿಗೆ ಹೋಗುವಾಗ
ಜನ ನಮ್ಮ ಮನೆಯ ಅಚ್ಚನ್ನೇ ಮೆಟ್ಟಿ ನಡೆದರು.

ಅಪ್ಪನ ಜೋಡು ನನ್ನ ಹತ್ತಿರ ಉಳಿದಿದೆ.
ಎಡಗಾಲಿನದರ ಹಿಮ್ಮಡಿಯಲ್ಲಿ ಒಂದು ತೇಪೆ,
ಉಗುರಿನಿಂದ ಕೆರೆದರೂ ಏಳುವುದಿಲ್ಲ.
ಎಷ್ಟನೆಯದು ಎಂದು ಕೇಳಿರಲಿಲ್ಲ.
ಸೆಕೆಗೆ ನಿದ್ದೆ ಬಾರದ ರಾತ್ರಿ
ಅದನ್ನು ಎತ್ತಿ ಹಿಡಿದು ಅಂಗಾತ ಮಲಗಿ
ಟಾರ್ಚು ಬಿಟ್ಟು ಚಾವಣಿಯಲ್ಲಿ ಹುಡುಕುತ್ತೇನೆ.
ಹನ್ನೊಂದು, ಇರಬಹುದು.
ಇಲ್ಲ, ಆ ಕುಸಿದ ಕಡೆಯದು,
ಸ್ವಲ್ಪ ವಾರೆಯಾಗಿ ಅಂಟಿಸಿದ್ದು.