ಮಷೀನಿನ ಹಾಲು

ಶಹಾಬಾದಿನಿಂದ ಭಂಕೂರಿಗೆ ಹೋಗುವ ದಾರಿಯಲ್ಲಿ
ಎಡಕ್ಕೆ ಕಲ್ಲು, ಬಲಕ್ಕೆ ಕಲ್ಲು,
ನಡುವೆ ತಗಡಿನ ಚಪ್ಪರ, ನಮ್ಮ ಸಂಜೆ ಶಾಲೆ.
ನೆಲಕ್ಕೆ ಫರಸಿ. ಅದಕ್ಕೇನೂ ಬರವಿಲ್ಲ.
ಅಂಚು ಒಡೆದದ್ದು, ಪೇಟೆಗೆ ಸಲ್ಲದ್ದು,
ಅಪ್ಪಂದಿರು ಹೊತ್ತು ತಂದು ಹಾಸಿದ್ದು.

ಈ ತಿಂಗಳ ಪಾಠ ಪರಿಸರ.
ಸಂಸ್ಥೆಯವರು ಕೊಟ್ಟ ಚೀಲದಲ್ಲಿ
ಒಂದು ಚಿತ್ರಪಟ: ಎರಡು ಬಿಳಿ ಕೈ, ನಡುವೆ ಹಸಿರು ಭೂಮಿ.
ಇಪ್ಪತ್ತು ಬೇವಿನ ಸಸಿ,
ಇಪ್ಪತ್ತು ಹೆಸರಿನ ಹಲಗೆ.
ಹೋದ ವರ್ಷದ ಹಲಗೆಗಳು ಇನ್ನೂ ನಿಂತಿವೆ,
ಭೀಮಶಾ, ರುಕ್ಕವ್ವ, ಮರೆಪ್ಪ, ಸುಗಲಾ,
ಹೆಸರಿನ ಪಕ್ಕ ಒಂದೊಂದು ಒಣ ಕಡ್ಡಿ.
ಮೇಕೆ ತಿಂದದ್ದು ಎಂಟು. ಉಳಿದದ್ದು ಮೇ ತಿಂಗಳು.

'ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿರಿ'
ಎಂದು ಓದಿಸಿದೆ.
'ಯಾವ ನಲ್ಲಿರಿ, ಟೀಚರ್?'
ಕೇಳಿದಳು ಸುಗಲಾ, ಕೊಂಕಿಲ್ಲದೆ,
ನಿಜಕ್ಕೂ ತಿಳಿಯಬೇಕೆಂದು.
ಅವರ ಮನೆಗೆ ದಿನಕ್ಕೆ ಆರು ಕೊಡ, ಏಳು ಮಂದಿ.
ಹಾಗಾದರೆ ಇಲ್ಲಿ ನೀರೆಲ್ಲ ಕುಡಿಯುವವರು ಯಾರು?
ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ.
'ಮಷೀನು ಕುಡಿತಾವ್ರಿ' ಅಂದ ಮರೆಪ್ಪ,
'ಕುಡ್ದು ಹಾಲು ಕೊಡ್ತಾವ.'

ಪುಸ್ತಕ ಮುಚ್ಚಿ ಹೋದೆವು.
ಪಾಲಿಶ್ ಮಷೀನಿನ ಹಿಂದೆ
ಬೂದಿ ಬಣ್ಣದ ಹಾಲು,
ಕಲ್ಲಿನ ಮೈ ಉಜ್ಜಿ ಇಳಿದದ್ದು,
ಮೋರಿ ಹಿಡಿದು ಕಾಗಿಣಾ ಕಡೆಗೆ
ಅವಸರವಿಲ್ಲದೆ ಹೊರಟಿತ್ತು.
ಅದು ಒಣಗಿದಲ್ಲಿ ಹುಲ್ಲಿಲ್ಲ,
ಹೆಜ್ಜೆಗಳು ಮಾತ್ರ. ಹುಡುಗರವು, ಒಂದು ನಾಯಿಯದು.

ಖಾಜಾಬಿ, ಹನ್ನೊಂದು ವರ್ಷದಿಂದ ಅಲ್ಲೇ ಕೂಲಿ,
ಬಾಯಿಗೆ ಕಟ್ಟಿದ ಸೆರಗು ಬಿಚ್ಚಿ ಹೇಳಿದಳು:
'ಅಂಬಲಿ ಕಾಸಿ ಇಟ್ಟೀರೇನು ಎಂದಾದ್ರೂ?
ಗಟ್ಟಿ ಕೆಳಗ ಕೂಡ್ತದ, ತಿಳಿ ಮ್ಯಾಲ ನಿಲ್ತದ.
ಕಲ್ಲಿಂದೂ ಅಷ್ಟೇ ರೀ.
ಮೂರು ಕುಣಿ ತೋಡ್ರಿ, ಒಂದರಿಂದ ಒಂದಕ್ಕ
ಸಾವಕಾಶ ಹರೀಲಿ.
ನಂಗ್ಯಾರೂ ಕೇಳಿಲ್ಲ, ಅದಕ್ಕ ಹೇಳಿಲ್ಲ.'

ಮಾಲಕ ಒಪ್ಪಿದ್ದು ಭೂಮಿಯ ಪ್ರೀತಿಗಲ್ಲ,
ಟ್ಯಾಂಕರಿನ ಲೆಕ್ಕಕ್ಕೆ.
ಹಾಕಿದವಳು ಸುಗಲಾ, ಏಳನೇ ಇಯತ್ತೆ:
ದಿನಕ್ಕೆ ಎರಡರಲ್ಲಿ ಒಂದು ಉಳಿದರೆ
ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು?
ಗುಣಾಕಾರಕ್ಕೆ ದೊಡ್ಡವರ ಮುಖ ಬದಲಾಗುವುದನ್ನು
ಅವಳು ಮೊದಲ ಸಲ ಕಂಡಳು.

ಮಕ್ಕಳ ಕೈಗೆ ಹಾರೆ ಕೊಡಲಿಲ್ಲ ನಾನು.
ಈ ಊರಲ್ಲಿ ಆ ಪಾಠ ಮೊದಲೇ ಆಗಿಹೋಗಿದೆ.
ಹಗ್ಗ ಹಿಡಿದು ಅಳೆದರು ಅವರು,
ತೋಡಿದವರು ಅವರ ಅಪ್ಪಂದಿರು,
ಕೂಲಿ ಮುಗಿದ ಮೇಲೆ, ನನ್ನನ್ನು ಬೈಯುತ್ತ.
ನಾಲ್ಕನೇ ದಿನ ಮೂರನೇ ಕುಣಿಯ ನೀರಲ್ಲಿ
ಭೀಮಶಾ ಬಗ್ಗಿ ತನ್ನ ಹಲ್ಲು ನೋಡಿಕೊಂಡ.

ಕೆಳಗೆ ಕೂತ ಗಟ್ಟಿಯನ್ನು
ಬೆರಳುದ್ದ ಹೊಸೆದು ಬಿಸಿಲಿಗಿಟ್ಟರೆ ಬಳಪ.
ಒಡೆದ ಫರಸಿಯ ಮೇಲೆ ಬರೆಯುತ್ತದೆ,
ಕಿರ್ರೆನ್ನುತ್ತದೆ, ಹಲ್ಲು ಜುಮ್ಮೆನ್ನುತ್ತವೆ.
ರುಕ್ಕವ್ವ ಮೊದಲು ಬರೆದದ್ದು
ಮಾಲಕನ ಹೆಸರು, ಒತ್ತಕ್ಷರ ತಪ್ಪಾಗಿ.
ಪಕ್ಕದ ಆರು ಮಷೀನುಗಳ ಹಾಲು
ಇವತ್ತಿಗೂ ಕಾಗಿಣೆಗೇ.

ತಿಂಗಳ ಕೊನೆಗೆ ಸಂಸ್ಥೆಯವರು ಬಂದರು, ಫಾರ್ಮು ಹಿಡಿದು.
ನೆಟ್ಟ ಸಸಿ ಎಷ್ಟು?
ನಾಲ್ಕು, ಮೂರನೇ ಕುಣಿಯ ಅಂಚಿಗೆ.
ಹದಿನಾರು ಇನ್ನೂ ಚೀಲದಲ್ಲೇ, ನೆರಳಲ್ಲಿ.
ನೀರು ಸಾಕಾಗುವುದೋ ನೋಡುವ ತನಕ
ನೆಡುವುದಿಲ್ಲ ಎಂದು ಮಕ್ಕಳ ಠರಾವು.
ಕುಣಿಗೆ ಕಾಲಂ ಇರಲಿಲ್ಲ. ಠರಾವಿಗೂ.
ಅವರು ಪೆನ್ನು ಎತ್ತಿ ತಡೆದರು,
ನನ್ನ ಮುಖ ನೋಡಿದರು.
ಸುಗಲಾ ಒಂದು ಬಳಪ ಚಾಚಿದಳು:
'ಇದ್ರಲೇ ಬರೀರಿ ಸರ,
ತಪ್ಪಾದ್ರ ಅಳಸ್ಲಾಕ ಬರ್ತದ.'