ಎರಡೂ ಲೋಕಕ್ಕೆ ಒಂದೇ ಬೂಟು

ಬುಡಾಪೆಸ್ಟಿನ ಒಂದು ಸ್ಟುಡಿಯೋದ ನೆಲಮಾಳಿಗೆಯಲ್ಲಿ
ಬೊಗ್ಲಾರ್ಕಾ ಸದ್ದು ಮಾಡುತ್ತಾಳೆ. ಅದೇ ಅವಳ ಕಸುಬು.
ತೆರೆಯ ಮೇಲೆ ಮೂಳೆ ಮುರಿದರೆ ಇಲ್ಲಿ ಸೆಲರಿ ದಂಟು ಲಟಕ್ಕೆನ್ನುತ್ತದೆ,
ಹಕ್ಕಿ ಹಾರಿದರೆ ತೊಗಲಿನ ಕೈಗವಸು ಪಟಪಟಿಸುತ್ತದೆ,
ಹಿಮದ ಮೇಲೆ ಯಾರಾದರೂ ನಡೆದರೆ
ಚೀಲದೊಳಗಿನ ಮೆಕ್ಕೆಜೋಳದ ಹಿಟ್ಟು ನರಳುತ್ತದೆ.

ಈ ಸಲದ ಚಿತ್ರದಲ್ಲಿ ಊರಿಗೆ ಊರೇ ಸುಳ್ಳು.
ಟ್ರಾಮು, ಪಾರಿವಾಳ, ಹೆಂಡತಿ, ಹಲ್ಲುನೋವು
ಎಲ್ಲ ಯಾವುದೋ ಯಂತ್ರದ ಹೊಟ್ಟೆಯ ಲೆಕ್ಕ,
ನಿಜದ ತಲೆಯ ಮೇಲೆ ಹೊಡೆದ ಹಾಗೆ.
ನಲವತ್ತನೆಯ ನಿಮಿಷಕ್ಕೆ ನಾಯಕನಿಗೆ ಎಚ್ಚರ,
ಬೂದಿ ಬಣ್ಣದ ನಿಜದಲ್ಲಿ.

"ಸುಳ್ಳೂರಿನ ಹೆಜ್ಜೆಯಲ್ಲಿ ಒಂದಿಷ್ಟು ಅನುಮಾನ ಇರಲಿ"
ಎಂದ ನಿರ್ದೇಶಕ, ಚಿಟಿಕೆ ಉಪ್ಪು ಹಿಡಿದವನ ಹಾಗೆ.
"ನಿಜದ್ದು ನಿಜದ ಹಾಗೇ ಇರಲಿ."

ಬೂಟು ಎಚೆರಿ ಸಂತೆಯಲ್ಲಿ ಕೊಂಡದ್ದು.
ನಾಲಿಗೆಯ ಹಿಂದೆ ನೀಲಿ ಶಾಯಿಯಲ್ಲಿ: ಕಾಲ್ಮಾನ್ ವಿ.
(ಹೆಸರಲ್ಲೇ ಕಾಲಿದ್ದವನು,
ಅದು ನನ್ನ ಕನ್ನಡದ ಕಿವಿಗೆ ಮಾತ್ರ.)
ಎಡ ಹಿಮ್ಮಡಿ ಹೊರಗಡೆಗೆ ಸವೆದಿದೆ.
ಕುಂಟುತ್ತಿದ್ದನೋ, ಭಾರದ ಚೀಲ ಹೊರುತ್ತಿದ್ದನೋ,
ಯಾರನ್ನೋ ನೋಡಲು ಪದೇ ಪದೇ ತಿರುಗುತ್ತಿದ್ದನೋ,
ಗೊತ್ತಿಲ್ಲ.
ಅವನು ಇದ್ದನೆಂಬುದಕ್ಕೆ ಅಳಿದು ಹೋದಷ್ಟು ರಬ್ಬರೇ ಸಾಕ್ಷಿ.

ಎರಡು ಜೊತೆ ಕಾಲುಚೀಲ ತೊಟ್ಟು ಅವನೊಳಗಿಳಿದು
ಮೂರಡಿ ಸಿಮೆಂಟು ಹಲಗೆಯ ಮೇಲೆ
ಒಂದೇ ಸಲ ನಡೆದಳು.
ಅದನ್ನೇ ಸುಳ್ಳೂರಿಗೂ ಇಟ್ಟಳು, ಅದನ್ನೇ ನಿಜದೂರಿಗೂ.
ಎಡಗಾಲು ಎರಡೂ ಕಡೆ ಚೂರು ತಡವಾಗಿ ಬಿತ್ತು.

ನಿರ್ದೇಶಕ ಕಣ್ಣುಮುಚ್ಚಿ ಮೂರು ಸಲ ಕೇಳಿದ.
"ಹಾಂ! ಮೊದಲನೆಯದರಲ್ಲಿ ಏನೋ ಪೊಳ್ಳಿದೆ, ಅಲ್ಲವೇ?
ಎರಡನೆಯದು ನೆಲ."
ಅವಳು ಬೂಟಿನ ಲಾಡಿ ಬಿಚ್ಚುತ್ತಿದ್ದಳು, ತಲೆಯೆತ್ತಲಿಲ್ಲ.

ಹಗ್ಗವೋ ಹಾವೋ ಎಂದು ನಮ್ಮವರು ಶತಮಾನಗಟ್ಟಲೆ ಜಗಳವಾಡಿದರು.
ದೀಪ ತಂದರು, ಹಗ್ಗವೆಂದರು, ಗೆದ್ದರು.
ಹೆದರಿದವನ ಎದೆ ಹೊಡೆದುಕೊಂಡಿತಲ್ಲ
ಆ ಕತ್ತಲಲ್ಲಿ,
ಅದನ್ನು ಯಾವ ಲೋಕದ ಖಾತೆಗೆ ಬರೆಯುವುದು?
(ಎದೆಬಡಿತವನ್ನೂ ಒದ್ದೆ ಟವೆಲಿನಲ್ಲಿ
ಬೊಗ್ಲಾರ್ಕಾ ಮಾಡಿಕೊಡುತ್ತಾಳೆ ಅನ್ನಿ.)

ರಾತ್ರಿ ಹೊರಬಂದರೆ ಹಿಮ. ಕೊನೆಯ ಟ್ರಾಮು ಹೋಗಿಯಾಗಿತ್ತು.
ಸ್ವಂತ ಬೂಟು, ಸ್ವಂತ ಕಾಲು.
ಹಿಮ ಹಿಟ್ಟಿನಷ್ಟು ಚೆನ್ನಾಗಿ ನರಳುತ್ತಿಲ್ಲವಲ್ಲ ಎಂದುಕೊಂಡು
ಸೇತುವೆಯ ನಡುವೆ ನಿಂತಳು.
ಕೆಳಗೆ ಡ್ಯಾನ್ಯೂಬ್, ಯಾರೂ ಇನ್ನೂ ಸದ್ದು ಸೇರಿಸದ ಹಾಗೆ.

ಮತ್ತೆ ಹೊರಟಾಗ ಕೇಳಿತು:
ಎಡಗಾಲು
ಚೂರು ತಡವಾಗಿ ಬೀಳುತ್ತಿತ್ತು.